ಕಡಲಿಗೆ ಬಿದ್ದ ಎಣ್ಣೆ: ಕಿಲ್ತಾನದಿಂದ ಕಾರವಾರದವರೆಗೆ



ಮಲೆನಾಡಿನ ಸೆರಗಿನಲ್ಲಿರುವ ಹಾಸನದವರಿಗೆ ಕಡಲಿನ ಎಣ್ಣೆಯ ಮಾತೇಕೆ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಒಮ್ಮೆ ನಮ್ಮ ಜಿಲ್ಲೆಯ ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿ. ಇಲ್ಲಿ ಬಿದ್ದ ಮಳೆ ಎರಡು ಕಡಲುಗಳಿಗೆ ಹೋಗುತ್ತದೆ. ಹೇಮಾವತಿ ಹೊಳೆನರಸೀಪುರದ ಮಗ್ಗುಲಲ್ಲೇ ಹರಿದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ರುದ್ರಪಟ್ಟಣಗಳು ಕಾವೇರಿಯ ದಂಡೆಯ ಮೇಲೆಯೇ ಇವೆ. ಚನ್ನರಾಯಪಟ್ಟಣದ ಕಡೆಯ ಕೆರೆಗಳು ಹೇಮಾವತಿಯ ನಾಲೆಯನ್ನು ಕಾಯುತ್ತವೆ. ಇದು ಪೂರ್ವದ ದಾರಿ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದರೆ ಕೆಂಪುಹೊಳೆ ಸಿಗುತ್ತದೆ. ಆ ಕಡೆಯ ಹಳ್ಳಕೊಳ್ಳಗಳೆಲ್ಲ ಗುಂಡ್ಯ ಹೊಳೆಯಾಗಿ, ಕುಮಾರಧಾರೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ, ಉಳ್ಳಾಲದ ಬಳಿ ಅರಬ್ಬಿ ಸಮುದ್ರಕ್ಕೆ ಬೀಳುತ್ತವೆ. ಘಾಟಿಯ ತಿರುವಿನಲ್ಲಿ ಡೀಸೆಲ್ ಟ್ಯಾಂಕರ್ ಒಂದು ಮಗುಚಿದರೆ, ರಸ್ತೆ ಬದಿಯ ಚರಂಡಿಗೆ ಇಳಿದದ್ದು ಎಲ್ಲಿಗೆ ಹೋಗುತ್ತದೆಂದು ಇನ್ನು ಹೇಳಬೇಕಾಗಿಲ್ಲ.

ಇನ್ನೊಂದು ನಂಟೂ ಇದೆ. 2003ರಲ್ಲಿ ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಮಾರ್ಗ ಕೆಲಸ ಆರಂಭಿಸಿತು. 360 ಕಿಲೋಮೀಟರಿಗೂ ಉದ್ದದ ಆ ಕೊಳವೆಯಲ್ಲಿ ಕರಾವಳಿಯ ಪೆಟ್ರೋಲ್, ಡೀಸೆಲ್ ಬೆಟ್ಟ ಹತ್ತಿ ಹಾಸನಕ್ಕೆ ಬರುತ್ತದೆ. ಅದೇ ಕರಾವಳಿಯಿಂದ ಮಂಜುಗಡ್ಡೆಯಲ್ಲಿಟ್ಟ ಬೂತಾಯಿ, ಬಂಗುಡೆಗಳು ಲಾರಿಯಲ್ಲಿ ಬಂದು ನಮ್ಮ ಮೀನು ಮಾರುಕಟ್ಟೆ ತಲುಪುತ್ತವೆ. ಎಣ್ಣೆಯೂ ಮೀನೂ ಒಂದೇ ಊರಿನಿಂದ ಬರುತ್ತಿರುವಾಗ, ಅವೆರಡೂ ಕಡಲಿನಲ್ಲಿ ಒಂದನ್ನೊಂದು ಎದುರಾದರೆ ಏನಾಗುತ್ತದೆ ಎಂಬುದು ನಮಗೂ ಸಂಬಂಧಿಸಿದ ವಿಷಯವೇ.

ಮೊದಲಿಗೆ ಸ್ವಲ್ಪ ಹಳೆಯ ಕಥೆ. ಬಹಳ ಕಾಲ ಕಡಲಿಗೂ ಎಣ್ಣೆಗೂ ಇದ್ದ ಸಂಬಂಧ ಇಂದಿನದಕ್ಕೆ ತಿರುಗುಮುರುಗಾಗಿತ್ತು. ಎಣ್ಣೆ ಕಡಲಿನಿಂದಲೇ ಬರುತ್ತಿತ್ತು. ಅರಬ್ಬಿ ಸಮುದ್ರದಲ್ಲಿ ಓಡಾಡುತ್ತಿದ್ದ ಹಾಯಿ ಹಡಗುಗಳ ಹಲಗೆಗಳನ್ನು ಹಗ್ಗದಿಂದ ಹೊಲಿದು, ನೀರು ಒಸರದಂತೆ, ಹುಳು ಹಿಡಿಯದಂತೆ ಮೀನೆಣ್ಣೆ ಬಳಿಯುತ್ತಿದ್ದರು. ನಮ್ಮ ಬೂತಾಯಿ ಮೀನಿಗೆ ಇಂಗ್ಲಿಷಿನಲ್ಲಿ 'ಆಯಿಲ್ ಸಾರ್ಡಿನ್' ಎಂದೇ ಹೆಸರು. ಅಷ್ಟು ಕೊಬ್ಬು ಅದರ ಮೈಯಲ್ಲಿ. 20ನೇ ಶತಮಾನದ ಆರಂಭದಲ್ಲಿ ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೆಯನ್ನು ಕಟ್ಟಿದ ಫ್ರೆಡೆರಿಕ್ ನಿಕಲ್ಸನ್ ಅವರ ಪ್ರೋತ್ಸಾಹದಿಂದ ಮಲಬಾರ್ ಮತ್ತು ದಕ್ಷಿಣ ಕನ್ನಡದ ದಂಡೆಯುದ್ದಕ್ಕೂ ಬೂತಾಯಿಯನ್ನು ಬೇಯಿಸಿ ಎಣ್ಣೆ ತೆಗೆಯುವ ಸಣ್ಣ ಕಾರ್ಖಾನೆಗಳು ಎದ್ದವು. ಉಳಿದ ಹಿಂಡಿ ತೋಟಗಳಿಗೆ ಗೊಬ್ಬರವಾಯಿತು.

ನೆಲದೊಳಗಿನ ಎಣ್ಣೆ ಬಂದದ್ದು ಹೊರಗಿನಿಂದ. ನಮ್ಮ ಭಾಷೆಯೇ ಅದಕ್ಕೆ ಸಾಕ್ಷಿ. ಸೀಮೆಸುಣ್ಣ, ಸೀಮೆಹಸು ಎಂಬಂತೆ ಸೀಮೆಎಣ್ಣೆ. ಪರದೇಶದಿಂದ ಬಂದದ್ದು ಎಂದರ್ಥ. 1892ರಲ್ಲಿ 'ಮ್ಯೂರೆಕ್ಸ್' ಎಂಬ ಟ್ಯಾಂಕರ್ ಸೂಯೆಜ್ ಕಾಲುವೆಯನ್ನು ದಾಟಿ ಪೂರ್ವಕ್ಕೆ ಬಂತು. ಅಲ್ಲಿಯವರೆಗೆ ತಗಡಿನ ಡಬ್ಬಗಳಲ್ಲಿ ಬರುತ್ತಿದ್ದ ಎಣ್ಣೆ ಅಂದಿನಿಂದ ಹಡಗಿನ ಹೊಟ್ಟೆಯಲ್ಲೇ ತುಂಬಿ ಬರತೊಡಗಿತು. ಡಬ್ಬ ಒಡೆದರೆ ಒಂದು ಡಬ್ಬ ಹೋಗುತ್ತದೆ. ಹಡಗು ಒಡೆದರೆ ಆಗುವುದೇ ಬೇರೆ.

1967ರ ಮಾರ್ಚ್ 18ರಂದು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ 'ಟೋರಿ ಕ್ಯಾನ್ಯನ್' ಎಂಬ ಟ್ಯಾಂಕರ್ ಬಂಡೆಗೆ ಬಡಿಯಿತು. ಸುಮಾರು 1,19,000 ಟನ್ ಕಚ್ಚಾ ಎಣ್ಣೆ ಅದರಲ್ಲಿತ್ತು. ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಸರ್ಕಾರ ವಿಮಾನಗಳಿಂದ ಬಾಂಬು ಹಾಕಿಸಿ ಎಣ್ಣೆಯನ್ನು ಸುಡಲು ನೋಡಿತು. ದಂಡೆಗೆ ಬಂದ ಜಿಡ್ಡನ್ನು ತೊಳೆಯಲು ಸಾವಿರಾರು ಟನ್ ರಾಸಾಯನಿಕ ಮಾರ್ಜಕ ಸುರಿಸಿತು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಮಾರ್ಜಕ ಸುರಿಯದೆ ಬಿಟ್ಟ ಬಂಡೆಗಳಲ್ಲಿ ಜೀವಗಳು ಕೆಲವೇ ವರ್ಷಗಳಲ್ಲಿ ಚೇತರಿಸಿಕೊಂಡವು. ಸುರಿದು ತೊಳೆದ ಬಂಡೆಗಳು ಮೊದಲಿನಂತಾಗಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಬಂಡೆಯ ಪಾಚಿಯನ್ನು ಮೇಯುವ ಲಿಂಪೆಟ್ ಎಂಬ ಚಿಪ್ಪುಜೀವಿಗಳು ಎಣ್ಣೆಗಿಂತ ಔಷಧಿಗೇ ಹೆಚ್ಚು ಸತ್ತಿದ್ದವು. ಮೇಯುವವರಿಲ್ಲದೆ ಪಾಚಿ ಬಂಡೆಯನ್ನೆಲ್ಲ ಮುಚ್ಚಿ, ಅಲ್ಲಿನ ಜೀವಗಳ ಲೆಕ್ಕವೇ ತಪ್ಪಿಹೋಯಿತು.

ಅದೇ 1967ರಲ್ಲಿ ಅರಬ್–ಇಸ್ರೇಲ್ ಯುದ್ಧದಿಂದಾಗಿ ಸೂಯೆಜ್ ಕಾಲುವೆ ಮುಚ್ಚಿತು. ತೆರೆದದ್ದು 1975ರಲ್ಲಿ. ಕೊಲ್ಲಿಯ ಎಣ್ಣೆ ಆಫ್ರಿಕಾವನ್ನು ಸುತ್ತಿ ಹೋಗಬೇಕಾದ್ದರಿಂದ ಟ್ಯಾಂಕರುಗಳು ದೈತ್ಯಾಕಾರ ತಾಳಿದವು. ಖಾಲಿಯಾಗಿ ಹಿಂತಿರುಗುವಾಗ ಅವುಗಳ ಟ್ಯಾಂಕು ತೊಳೆದ ನೀರು ನಡುಗಡಲಿಗೇ ಹೋಗುತ್ತಿತ್ತು. ಆ ಜಿಡ್ಡು ಬಿಸಿಲಿಗೆ, ಅಲೆಗೆ ಗಟ್ಟಿಯಾಗಿ ಡಾಂಬರಿನ ಉಂಡೆಗಳಾಗಿ ದಡಕ್ಕೆ ಬಂತು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1970ರ ದಶಕದಲ್ಲೇ ಪಶ್ಚಿಮ ಕರಾವಳಿಯ ದಂಡೆಗಳಲ್ಲಿ ಈ ಉಂಡೆಗಳನ್ನು ಆಯ್ದು ತೂಗಿ ಲೆಕ್ಕವಿಟ್ಟಿದ್ದಾರೆ. ಮುಂಗಾರಿನ ಗಾಳಿ ಹುಟ್ಟುವ ಹೊತ್ತಿಗೆ ಕಾರವಾರದ, ಗೋವಾದ ಮರಳಿನಲ್ಲಿ ಬರಿಗಾಲಲ್ಲಿ ನಡೆದವರ ಅಂಗಾಲಿಗೆ ಈಗಲೂ ಅವು ಮೆತ್ತಿಕೊಳ್ಳುತ್ತವೆ. ಯಾವ ಹಡಗಿನದು, ಯಾವ ದೇಶದ್ದು ಎಂದು ಹೆಸರು ಬರೆದುಕೊಂಡು ಅವು ಬರುವುದಿಲ್ಲ.

ಕಿಲ್ತಾನ, 1974

ಹೆಸರು ಬರೆದುಕೊಂಡು ಬಂದದ್ದು 1974ರ ಸೆಪ್ಟೆಂಬರಿನಲ್ಲಿ. 'ಟ್ರಾನ್ಸ್‌ಹ್ಯೂರಾನ್' ಎಂಬ ಅಮೆರಿಕದ ಟ್ಯಾಂಕರ್ ಲಕ್ಷದ್ವೀಪದ ಕಿಲ್ತಾನ ದ್ವೀಪದ ಹವಳದ ದಿಬ್ಬಕ್ಕೆ ಏರಿ ಕುಳಿತಿತು. ಸಾವಿರಾರು ಟನ್ ಫರ್ನೇಸ್ ಆಯಿಲ್ ಕಡಲಿಗೆ ಹರಿಯಿತು.

ಕಿಲ್ತಾನ ನಮಗೆ ಅಷ್ಟು ಹೊರಗಿನದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಮಿನಿ, ಕಡಮತ್, ಕಿಲ್ತಾನ, ಚೆಟ್ಲತ್, ಬಿತ್ರ ಎಂಬ ಈ ಉತ್ತರದ ದ್ವೀಪಗಳು 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರ ಆಡಳಿತಕ್ಕೆ ಒಳಪಟ್ಟಿದ್ದವು. 1799ರ ನಂತರ ಬ್ರಿಟಿಷರ ಕೈಸೇರಿ, ಮಂಗಳೂರಿನ ಕಲೆಕ್ಟರರ ಅಧೀನದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. 1956ರ ನವೆಂಬರ್ 1ರಂದು, ನಾವು ಮೈಸೂರು ರಾಜ್ಯವಾಗಿ ಒಂದಾದ ದಿನವೇ, ಅವು ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ದ್ವೀಪದ ಜನ ತೆಂಗಿನ ನಾರಿನ ಹುರಿ, ಕೊಬ್ಬರಿ ತುಂಬಿಕೊಂಡು ಹಾಯಿ ಓಡಗಳಲ್ಲಿ ಮಂಗಳೂರಿಗೆ ಬಂದು ಅಕ್ಕಿ ಕೊಂಡೊಯ್ಯುತ್ತಿದ್ದರು. ಅಲ್ಲಿ ಗದ್ದೆಯಿಲ್ಲ, ಹೊಳೆಯಿಲ್ಲ. ಇರುವುದು ತೆಂಗು, ಸುತ್ತಲಿನ ಹವಳ, ಮತ್ತು ಮೀನು. ಕಡಲು ಕೆಟ್ಟರೆ ಬೇರೆ ಕಸುಬಿಗೆ ಹೋಗೋಣ ಎನ್ನಲು ನೆಲವೇ ಇಲ್ಲದ ಜಾಗ.

ಹವಳವೆಂದರೆ ಕಲ್ಲಲ್ಲ, ಜೀವ. ಸಾವಿರಾರು ಸಣ್ಣ ಜೀವಿಗಳು ತಮ್ಮ ಮೈಯೊಳಗೆ ಪಾಚಿಯನ್ನು ಸಾಕಿಕೊಂಡು, ಅದು ಬಿಸಿಲಿನಿಂದ ಮಾಡುವ ಆಹಾರವನ್ನು ಹಂಚಿಕೊಂಡು ಬದುಕುತ್ತವೆ. ಮೇಲೆ ಕಪ್ಪು ಪದರ ಕವಿದರೆ ಬಿಸಿಲು ಇಳಿಯುವುದಿಲ್ಲ. ಇಳಿತದ ವೇಳೆ ನೀರು ತಗ್ಗಿದಾಗ ಎಣ್ಣೆ ನೇರವಾಗಿ ಹವಳದ ಮೇಲೆಯೇ ಕೂರುತ್ತದೆ. ಹವಳದ ಸಂದಿಗಳಲ್ಲಿ ಮನೆ ಮಾಡಿಕೊಂಡ ಏಡಿ, ಕಡಲಸೌತೆ, ಸಣ್ಣ ಮೀನುಗಳಿಗೆ ಓಡಿಹೋಗಲು ದಾರಿಯಿಲ್ಲ. ಕಿಲ್ತಾನದಲ್ಲಿ ವಿಜ್ಞಾನಿಗಳು ಕಂಡದ್ದು ಇಂಥದೇ ಸಾವು. ನಮ್ಮ ದೇಶದಲ್ಲಿ ಎಣ್ಣೆ ಸೋರಿಕೆಯನ್ನು ವಿಜ್ಞಾನಿಗಳು ಸ್ಥಳಕ್ಕೇ ಹೋಗಿ ಅಭ್ಯಾಸ ಮಾಡಿದ ಮೊದಮೊದಲ ಪ್ರಸಂಗಗಳಲ್ಲಿ ಇದೂ ಒಂದು. ಆದರೂ ಮಂಗಳೂರಿನಲ್ಲೇ ಈ ಘಟನೆಯ ಹೆಸರು ಕೇಳಿದವರು ವಿರಳ.

ದೀಪಸ್ತಂಭದ ಬುಡದಲ್ಲಿ

ಕಾರವಾರದ ಮುಂದೆ ಕಡಲಿನಲ್ಲಿ ನಡುಗಡ್ಡೆಗಳ ಗುಂಪೊಂದಿದೆ. ಅವುಗಳಲ್ಲಿ ದೇವಗಡವನ್ನು ಬ್ರಿಟಿಷರು ಆಯ್ಸ್ಟರ್ ರಾಕ್ ಎಂದು ಕರೆದರು. ಹಡಗುಗಳು ಬಂಡೆಗೆ ಬಡಿಯದಿರಲಿ ಎಂದೇ ಅವರು ಅದರ ನೆತ್ತಿಯ ಮೇಲೆ ದೀಪಸ್ತಂಭ ಕಟ್ಟಿಸಿದರು. 2006ರ ಮೇ 30ರಂದು 'ಓಷನ್ ಸೆರಾಯ' ಎಂಬ ಪನಾಮಾ ಧ್ವಜದ ಸರಕು ಹಡಗು ಅಲ್ಲಿಯೇ ನೆಲಕಚ್ಚಿತು. ಅದು ಎಣ್ಣೆ ಸಾಗಿಸುವ ಟ್ಯಾಂಕರ್ ಆಗಿರಲಿಲ್ಲ. ಆದರೆ ತನ್ನ ಎಂಜಿನ್ನಿಗೆಂದೇ ಸುಮಾರು 650 ಟನ್ ಭಾರದ ಇಂಧನ ಎಣ್ಣೆಯನ್ನು ಹೊತ್ತಿತ್ತು.

ದಿನಾಂಕವನ್ನು ಗಮನಿಸಿ. ಮೇ ಕೊನೆ. ಮುಂಗಾರು ಬಾಗಿಲಲ್ಲಿ ನಿಂತಿತ್ತು. ಎಣ್ಣೆಯನ್ನು ಒಂದೆಡೆ ಕೂಡಿಹಾಕಲು ನೀರಿನ ಮೇಲೆ ತೇಲುಬೇಲಿ ಕಟ್ಟುತ್ತಾರೆ. ಬೇಲಿಯೊಳಗಿನ ಎಣ್ಣೆಯನ್ನು ಯಂತ್ರದಿಂದ ಬಾಚಿ ತೆಗೆಯುತ್ತಾರೆ. ಆದರೆ ಇದೆಲ್ಲ ಶಾಂತ ಕಡಲಿನ ಮಾತು. ಆಳೆತ್ತರದ ಅಲೆ ಏಳುವಾಗ ಬೇಲಿಯ ಮೇಲಿಂದಲೂ ಅಡಿಯಿಂದಲೂ ಎಣ್ಣೆ ನುಸುಳುತ್ತದೆ. ಕೋಸ್ಟ್ ಗಾರ್ಡ್‌ನವರು ಬಂದರು, ಪ್ರಯತ್ನವನ್ನೂ ಮಾಡಿದರು. ಮಳೆಗಾಲದ ಮುಂದೆ ಮನುಷ್ಯನ ಆಟ ಹೆಚ್ಚು ನಡೆಯಲಿಲ್ಲ. ಜಿಡ್ಡು ಕಾರವಾರದ ದಂಡೆಗೂ, ಗಡಿಯಾಚೆ ಗೋವಾದ ದಕ್ಷಿಣದ ದಂಡೆಗಳಿಗೂ ಹಬ್ಬಿತು.

ಮೀನುಗಾರಿಕೆ ಹೇಗೂ ನಿಲ್ಲುವ ಕಾಲವಲ್ಲವೇ, ಹಾನಿ ಕಡಿಮೆಯೇ ಎಂದು ಯಾರಾದರೂ ಅಂದುಕೊಂಡಾರು. ನನಗೆ ತೋರುವುದು ಇದಕ್ಕೆ ವಿರುದ್ಧವಾಗಿ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳನ್ನು ಸರ್ಕಾರ ದಡಕ್ಕೆ ಕಟ್ಟಿಸುವುದೇಕೆ? ಬೂತಾಯಿ, ಬಂಗುಡೆಗಳು ಮೊಟ್ಟೆಯಿಡುವ ಕಾಲ ಅದು. ಆಳದ ತಣ್ಣೀರು ಮೇಲೆದ್ದು ಬಂದು, ಅದರ ಸತ್ವದಿಂದ ಕಣ್ಣಿಗೆ ಕಾಣದ ಪ್ಲವಕಗಳು ಹೊಲದಲ್ಲಿ ಪೈರು ಎದ್ದಂತೆ ಏಳುತ್ತವೆ. ಮರಿಗಳಿಗೆ ಅದೇ ಆಹಾರ. ಮೊಟ್ಟೆಗಳು ನೀರಿನ ಮೇಲ್ಪದರದಲ್ಲಿ ತೇಲುತ್ತವೆ. ಎಣ್ಣೆಯೂ ಮೇಲ್ಪದರದಲ್ಲೇ ತೇಲುತ್ತದೆ. ಬೆಳೆದ ಮೀನು ವಾಸನೆ ಹಿಡಿದು ಆಳಕ್ಕೋ ದೂರಕ್ಕೋ ಸರಿಯಬಲ್ಲದು. ಮೊಟ್ಟೆಗೆ ಈಜು ಬಾರದು.

ಎಣ್ಣೆ ಕಡಲಿಗೆ ಬಿದ್ದ ಮೇಲೆ ಆಗುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಉಪಯೋಗವಾದೀತು. ಮೊದಲ ಕೆಲವು ಗಂಟೆಗಳಲ್ಲಿ ಹಗುರ ಅಂಶಗಳು ಆವಿಯಾಗುತ್ತವೆ. ಪೆಟ್ರೋಲ್ ಆದರೆ ಬಹುಪಾಲು ಹಾರಿಹೋಗುತ್ತದೆ. ಡೀಸೆಲ್ಲಿನಲ್ಲಿ ಒಂದಿಷ್ಟು ಉಳಿಯುತ್ತದೆ. ಹಡಗಿನ ಫರ್ನೇಸ್ ಆಯಿಲ್ ಎಂದರೆ ಶುದ್ಧೀಕರಣದಲ್ಲಿ ಎಲ್ಲ ತೆಗೆದ ಮೇಲೆ ತಳದಲ್ಲುಳಿದ ಗಸಿ. ಅದು ಬೇಗ ಆವಿಯಾಗದು. ಅಲೆಯ ಹೊಡೆತಕ್ಕೆ ನೀರನ್ನು ತನ್ನೊಳಗೆ ಹೀರಿಕೊಂಡು ಮೂರು ನಾಲ್ಕು ಪಟ್ಟು ಹಿಗ್ಗಿ ಹಲ್ವದಂಥ ಮುದ್ದೆಯಾಗುತ್ತದೆ. ಮುದ್ದೆಗೆ ಮರಳು ಸೇರಿದರೆ ತಳಕ್ಕೆ ಮುಳುಗುತ್ತದೆ. ಆಮೇಲೆ ಉಳಿದದ್ದು ಸೂಕ್ಷ್ಮಜೀವಿಗಳ ಕೆಲಸ. ಎಣ್ಣೆಯನ್ನೇ ತಿನ್ನುವ ಬ್ಯಾಕ್ಟೀರಿಯಗಳು ಕಡಲಿನಲ್ಲಿವೆ. ಆದರೆ ಅವಕ್ಕೆ ಆಮ್ಲಜನಕ ಬೇಕು. ಗಾಳಿಯಾಡದ ಕೆಸರಿನೊಳಗೆ ಹುದುಗಿದ ಎಣ್ಣೆ ದಶಕಗಳ ಕಾಲ ಹಾಗೆಯೇ ಇರಬಲ್ಲದು.

ಕಾಳಿ ನದಿಯ ಅಳಿವೆ ಕಾರವಾರದ ಪಕ್ಕದಲ್ಲೇ ಇದೆ. ಅಲ್ಲಿನ ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳಿಂದ ಉಸಿರಾಡುತ್ತವೆ. ಎಣ್ಣೆ ಆ ಬೇರುಗಳ ರಂಧ್ರ ಮುಚ್ಚಿದರೆ ಗಿಡಕ್ಕೆ ಉಸಿರು ಕಟ್ಟುತ್ತದೆ. ಅಳಿವೆಯ ಬಳಚು, ಬಂಡೆಗೆ ಅಂಟಿದ ಪಚ್ಚಿಲೆಗಳು ನೀರನ್ನು ಸೋಸಿ ತಿನ್ನುವ ಜೀವಿಗಳು. ಮೀನಿನ ಯಕೃತ್ತು ಎಣ್ಣೆಯ ವಿಷಾಂಶಗಳನ್ನು ಸ್ವಲ್ಪಮಟ್ಟಿಗೆ ಕರಗಿಸಿ ಹೊರಹಾಕಬಲ್ಲದು. ಚಿಪ್ಪುಜೀವಿಗಳಿಗೆ ಆ ಶಕ್ತಿ ಬಹಳ ಕಡಿಮೆ. ಆದ್ದರಿಂದ ಸೋರಿಕೆಯ ನಂತರ ಮೀನು ತಿನ್ನಬಹುದೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಹೆಚ್ಚು ಎಚ್ಚರ ಬೇಕಾದದ್ದು ಚಿಪ್ಪಿನ ವಿಷಯದಲ್ಲಿ. ಈ ಚಿಪ್ಪುಗಳನ್ನು ಕೆಸರಿನಿಂದ ಆಯುವವರಲ್ಲಿ ಹೆಂಗಸರೇ ಹೆಚ್ಚು. ಹರಿಕಂತ್ರರು, ಖಾರ್ವಿಗಳು, ದಾಲ್ದಿ ಮುಸ್ಲಿಮರು ಎನ್ನದೆ ಆ ದಂಡೆಯ ಮೀನುಗಾರರೆಲ್ಲರ ಒಲೆ ಉರಿಯುವುದು ಇದೇ ನೀರಿನಿಂದ. ಪರಿಹಾರದ ಪಟ್ಟಿ ಬರೆಯುವಾಗ ದೋಣಿಗೆ ನೋಂದಣಿ ಸಂಖ್ಯೆಯಿರುತ್ತದೆ. ಬುಟ್ಟಿ ಹಿಡಿದು ಕೆಸರಿಗಿಳಿಯುವವಳಿಗೆ ಯಾವ ಸಂಖ್ಯೆಯೂ ಇರುವುದಿಲ್ಲ.

ಪರಿಹಾರದ ಮಾತು ಬಂದಿತಲ್ಲ, ಅದರ ಚರಿತ್ರೆಯೂ ವಿಚಿತ್ರವಾಗಿದೆ. ಟೋರಿ ಕ್ಯಾನ್ಯನ್ ಮುಳುಗಿದ ಮೇಲೆ ಜಗತ್ತು ಎಚ್ಚೆತ್ತು 1969 ಮತ್ತು 1971ರಲ್ಲಿ ಪರಿಹಾರದ ಒಪ್ಪಂದಗಳನ್ನು ಮಾಡಿಕೊಂಡಿತು. 1973ರಲ್ಲಿ ಹಡಗುಗಳ ಮಾಲಿನ್ಯ ತಡೆಯುವ ಮಾರ್ಪೋಲ್ ಒಪ್ಪಂದ ರೂಪುಗೊಂಡು, 1978ರಲ್ಲಿ ತಿದ್ದುಪಡಿಯಾಗಿ, 1983ರಿಂದ ಜಾರಿಗೆ ಬಂತು. ಆದರೆ ಪರಿಹಾರದ ಆ ಒಪ್ಪಂದಗಳು ಎಣ್ಣೆ ಹೊತ್ತ ಟ್ಯಾಂಕರುಗಳಿಗೆ ಮಾತ್ರ. ಸಾಮಾನ್ಯ ಸರಕು ಹಡಗಿನ ಸ್ವಂತ ಇಂಧನ ಚೆಲ್ಲಿದರೆ ಯಾರು ಹೊಣೆ ಎಂಬ ಒಪ್ಪಂದ ಸಿದ್ಧವಾದದ್ದು 2001ರಲ್ಲಿ, ಜಾರಿಯಾದದ್ದು 2008ರ ನವೆಂಬರಿನಲ್ಲಿ. ಓಷನ್ ಸೆರಾಯ ಕಾರವಾರದ ಬಂಡೆಗೆ ಬಡಿದದ್ದು 2006ರಲ್ಲಿ. ಎರಡು ವರ್ಷದ ಅಂತರದಲ್ಲಿ ಕಾನೂನು ತಪ್ಪಿಹೋಯಿತು.

ಕಾರವಾರದ ನಂತರವೂ ನಮ್ಮ ದಂಡೆ ಸುಮ್ಮನಿರಲಿಲ್ಲ. 2007ರ ಜೂನಿನಲ್ಲಿ ಎರಿಟ್ರಿಯಾದ 'ಡೆನ್ ಡೆನ್' ಹಡಗು ನವಮಂಗಳೂರು ಬಂದರಿನ ಸಮೀಪ ಮುಳುಗಿತು. 2022ರ ಜೂನ್ 21ರಂದು ಉಳ್ಳಾಲದ ಬಳಿ 'ಪ್ರಿನ್ಸೆಸ್ ಮಿರಾಲ್' ಹಡಗಿನಿಂದ 15 ಮಂದಿ ಸಿರಿಯಾ ನಾವಿಕರನ್ನು ಕೋಸ್ಟ್ ಗಾರ್ಡ್‌ನವರು ಪಾರುಮಾಡಿದರು. 8,000 ಟನ್ ಉಕ್ಕು, ಸುಮಾರು 220 ಟನ್ ಇಂಧನ ಅದರಲ್ಲಿತ್ತು. ಎಣ್ಣೆ ಟ್ಯಾಂಕಿನೊಳಗೇ ನಿಲ್ಲಲಿ ಎಂದು ದಂಡೆಯವರು ದಿನ ಎಣಿಸಬೇಕಾಯಿತು. ಮೂರೂ ಮೇ ಕೊನೆ ಇಲ್ಲವೇ ಜೂನಿನ ಘಟನೆಗಳೇ ಎಂಬುದನ್ನು ನೀವು ಗಮನಿಸಿರಬಹುದು.

2025ರ ಮುಂಗಾರಿನಲ್ಲೂ ಅದೇ ಆಯಿತು. ಮೇ 25ರಂದು 'ಎಂಎಸ್‌ಸಿ ಎಲ್ಸಾ 3' ಕೊಚ್ಚಿಯ ಬಳಿ 640 ಕಂಟೇನರುಗಳೊಂದಿಗೆ ಮುಳುಗಿತು. ಅದರಲ್ಲಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇತ್ತು. ಕೇರಳ ಸರ್ಕಾರ ಅದನ್ನು ರಾಜ್ಯದ ವಿಪತ್ತು ಎಂದು ಘೋಷಿಸಿ, ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿಗಳ ಪರಿಹಾರದ ದಾವೆ ಹೂಡಿತು. ಜೂನ್ 9ರಂದು 'ವಾನ್ ಹೈ 503' ಹಡಗಿಗೆ ಬೆಂಕಿ ಬಿದ್ದಾಗ ಪಾರಾದ 18 ನಾವಿಕರನ್ನು ಕರೆತಂದದ್ದು ಮಂಗಳೂರಿಗೇ. ನಾಲ್ವರು ಕಾಣೆಯಾದರು. ಮೀನು ತಿನ್ನಲು ಜನ ಹೆದರಿ ಮಾರಾಟ ಬಿದ್ದುಹೋದ ಸುದ್ದಿಯನ್ನು ಆಗ ನೀವೂ ಓದಿರುತ್ತೀರಿ. ಎಣ್ಣೆ ತಲುಪದ ದಂಡೆಗೂ ಅದರ ಭಯ ತಲುಪುತ್ತದೆ.

ಎಣ್ಣೆಯನ್ನಷ್ಟೇ ದೂರಿದರೆ ಸಾಲದು

ಇಷ್ಟು ಓದಿದ ಮೇಲೆ ಮೀನು ಕಡಿಮೆಯಾದದ್ದಕ್ಕೆಲ್ಲ ಎಣ್ಣೆಯೇ ಕಾರಣ ಎಂದು ತೀರ್ಮಾನಿಸಬೇಡಿ. ಕೇರಳದಲ್ಲಿ ಬೂತಾಯಿಯ ಹಿಡಿತ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಅದಕ್ಕೆ ಹವಾಮಾನದ ಏರುಪೇರು, ಮರಿಮೀನುಗಳನ್ನೂ ಬಿಡದೆ ಬಳಿದ ಬಲೆಗಳು ಕಾರಣವೆಂದು ತಜ್ಞರು ಹೇಳುತ್ತಾರೆ. 1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ 'ಎಕ್ಸಾನ್ ವಾಲ್ಡೀಜ್' ಸುಮಾರು 37,000 ಟನ್ ಎಣ್ಣೆ ಚೆಲ್ಲಿತು. ನಾಲ್ಕು ವರ್ಷದ ನಂತರ ಅಲ್ಲಿನ ಹೆರಿಂಗ್ ಮೀನು ಕುಸಿದುಬಿತ್ತು. ಎಣ್ಣೆಯಿಂದಲೋ ರೋಗದಿಂದಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಆ ದುರಂತದಿಂದ ಗಟ್ಟಿಯಾಗಿ ತಿಳಿದ ಸಂಗತಿಗಳೂ ಇವೆ. ಎಣ್ಣೆಯ ಅತಿ ಅಲ್ಪ ಅಂಶವೂ ಮೀನಿನ ಭ್ರೂಣದ ಹೃದಯವನ್ನು ಕೆಡಿಸುತ್ತದೆ. ಮರಿ ಹುಟ್ಟುತ್ತದೆ, ಆದರೆ ಈಜಲು ಕಸುವಿರುವುದಿಲ್ಲ. ಕಡಲ ನೀರುನಾಯಿಗಳು ಅಲ್ಲಿ ಮೊದಲಿನ ಸ್ಥಿತಿಗೆ ಬರಲು ಸುಮಾರು 25 ವರ್ಷ ಹಿಡಿಯಿತು.

ಸಮಾಧಾನದ ಲೆಕ್ಕವೂ ಒಂದಿದೆ. 1970ರ ದಶಕದಲ್ಲಿ ಜಗತ್ತಿನಲ್ಲಿ 700 ಟನ್ನಿಗಿಂತ ಹೆಚ್ಚು ಎಣ್ಣೆ ಚೆಲ್ಲಿದ ಟ್ಯಾಂಕರ್ ಅಪಘಾತಗಳು ವರ್ಷಕ್ಕೆ ಸರಾಸರಿ 24ಕ್ಕೂ ಹೆಚ್ಚು. 2010ರ ದಶಕದಲ್ಲಿ ಅದು ಎರಡಕ್ಕಿಂತ ಕೆಳಗಿಳಿಯಿತು. ಎರಡು ಪದರದ ತಳ, ಕಟ್ಟುನಿಟ್ಟಿನ ತಪಾಸಣೆ, ದುಬಾರಿ ದಂಡ ಇವೆಲ್ಲ ಕೆಲಸ ಮಾಡಿವೆ. ನಮ್ಮ ದೇಶದಲ್ಲೂ 1996ರಿಂದ ಕೋಸ್ಟ್ ಗಾರ್ಡ್ ನೇತೃತ್ವದ ರಾಷ್ಟ್ರೀಯ ಯೋಜನೆಯಿದೆ. ಯೋಜನೆಯಿದ್ದರೂ 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಜನ ಬಕೆಟ್ಟುಗಳಲ್ಲಿ ಜಿಡ್ಡನ್ನು ಮೊಗೆದು ತೆಗೆಯಬೇಕಾಯಿತು.

ಹಡಗುಗಳ ಪಾಲು ಇಳಿದಂತೆ ನೆಲದ ಪಾಲು ಎದ್ದು ಕಾಣುತ್ತಿದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2002ರಲ್ಲಿ ಹಾಕಿದ ಲೆಕ್ಕದಂತೆ, ಕಡಲಿಗೆ ಸೇರುವ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಸಮುದ್ರದ ತಳದಿಂದ ತಾನಾಗಿಯೇ ಒಸರುವಂಥದ್ದು. ಅದು ನಿಧಾನವಾಗಿ ಒಸರುವುದರಿಂದ ಅಲ್ಲಿನ ಜೀವಗಳು ಹೊಂದಿಕೊಂಡಿವೆ. ಮನುಷ್ಯರಿಂದ ಸೇರುವುದರಲ್ಲಿ ಟ್ಯಾಂಕರ್ ಅಪಘಾತಗಳಿಗಿಂತ ದೊಡ್ಡ ಪಾಲು ರಸ್ತೆ, ಚರಂಡಿ, ನದಿ, ದೋಣಿಗಳದ್ದು. ಅಂದರೆ ಮಲ್ಪೆಯ ದಕ್ಕೆಯಲ್ಲಿ ದೋಣಿಯ ತಳದಿಂದ ಪಂಪು ಮಾಡಿ ಚೆಲ್ಲುವ ಎಣ್ಣೆನೀರು, ಊರೂರಿನ ಗ್ಯಾರೇಜಿನಲ್ಲಿ ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್, ಹೊಳೆಗಿಳಿಸಿ ತೊಳೆದ ಟ್ರ್ಯಾಕ್ಟರು. ಹಾಸನದ ಬಿ.ಎಂ. ರಸ್ತೆಯಾಗಲಿ, ಚನ್ನರಾಯಪಟ್ಟಣದ ಹೆದ್ದಾರಿಯಾಗಲಿ, ಮೊದಲ ಮಳೆಗೆ ರಸ್ತೆಯ ಮೇಲೆ ಕಾಮನಬಿಲ್ಲಿನ ಬಣ್ಣ ಹರಿಯುವುದನ್ನು ನೀವೆಲ್ಲ ನೋಡಿದ್ದೀರಿ.

ಆ ಬಣ್ಣ ಕಡಲು ಮುಟ್ಟುವ ಮೊದಲು ದಾಟುವ ನೀರಿನಲ್ಲಿ ರಾಮನಾಥಪುರದಂಥ ಜಾಗಗಳಿವೆ. ಅಲ್ಲಿ ಕಾವೇರಿಯ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ತಲೆಮಾರುಗಳಿಂದ ಜನರೇ ಕಾಪಾಡಿಕೊಂಡು ಬಂದ ಮೀನುಗಳು ಮೆಟ್ಟಿಲ ಬಳಿಗೇ ಬಂದು ಪುರಿ ತಿನ್ನುತ್ತವೆ. ಗಾಳ, ಬಲೆಗಳಿಂದ ಅವನ್ನು ಉಳಿಸಿದ್ದು ಊರಿನ ಕಟ್ಟುಪಾಡು. ಎಣ್ಣೆಗೆ ಅಂಥ ಕಟ್ಟುಪಾಡು ಬಹಳ ತಡವಾಗಿ ಬಂತು. 2024ರ ಏಪ್ರಿಲ್ 1ರಿಂದ ಬಳಸಿದ ಎಂಜಿನ್ ಆಯಿಲನ್ನು ಹಿಂದಕ್ಕೆ ಪಡೆದು ಮರುಬಳಕೆ ಮಾಡಿಸುವ ಹೊಣೆಯನ್ನು ಕೇಂದ್ರ ಸರ್ಕಾರ ತಯಾರಕರ ಮೇಲೆಯೇ ಹೊರಿಸಿದೆ. ನಿಮ್ಮ ಊರಿನ ಗ್ಯಾರೇಜಿನ ಮೂಲೆಯಲ್ಲಿರುವ ಕರಿ ಆಯಿಲ್ ಡ್ರಮ್ಮನ್ನು ಯಾರು, ಎಲ್ಲಿಗೆ ಒಯ್ಯುತ್ತಾರೆ ಎಂದು ಈ ವರ್ಷ ನಮ್ಮ ವಿದ್ಯಾರ್ಥಿಗಳು ಕೇಳಿ ನೋಡಬಹುದು. ಹೊಳೆನರಸೀಪುರದಲ್ಲಾದರೆ ಡ್ರಮ್ಮಿಗೂ ಹೇಮಾವತಿಗೂ ನಡುವಿನ ಚರಂಡಿ ಎಷ್ಟು ದೂರವಿದೆ ಎಂಬುದನ್ನು ನಡೆದೇ ಅಳೆಯಬಹುದು.